ಅತ್ತಿಗೆ ಹಿಡಿದ ಕಾಣದ ನೌಕೆ

“ನಾನು ಬಚ್ಚಿಟ್ಟ ನೌಕೆ ಬ್ರಹ್ಮನಿಗೂ ಸಿಗಲ್ಲ ಅತ್ತಿಗೆ!” ಎಂದು ಮೈದುನ ಮೀಸೆ ತಿರುವಿದ.

ಅವರ ಬಾಹ್ಯಾಕಾಶ ಯುದ್ಧ ನಡೆಯುತ್ತಿದ್ದುದು ಊಟದ ಮೇಜಿನ ಮೇಲೆ. ಚೌಕುಳಿ ಹಾಳೆಯೇ ಆಕಾಶ, ಅಂಗಿಯ ಗುಂಡಿಗಳೇ ನೌಕೆಗಳು, ಒಂದು ಕಿತ್ತಳೆಯೇ ಗ್ರಹ. ಬಚ್ಚಿಟ್ಟ ನೌಕೆಯ ಜಾಗವನ್ನು ಚೀಟಿಯಲ್ಲಿ ಬರೆದು ಲೋಟದಡಿ ಇಡಬೇಕು. ಅತ್ತಿಗೆ ಇಪ್ಪತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡುವವಳು. ಅವಳು ಬಿಚ್ಚಿದ ಫ್ರಿಜ್‌ಗಳನ್ನು ಒಂದರ ಮೇಲೊಂದಿಟ್ಟರೆ ಚಂದ್ರನಿಗೆ ಏಣಿಯೇ ಬೇಡ. ಆಟದಲ್ಲಿ ಮಾತ್ರ ಒಮ್ಮೆಯೂ ಗೆದ್ದಿರಲಿಲ್ಲ. ಇಂದೂ ಸೋತರೆ ಮುಂದೆ ಆಡದೆ ಬರೀ ಅಂಕ ಬರೆಯುತ್ತೇನೆಂದು ಒಪ್ಪಿಕೊಂಡಿದ್ದಳು. ಉಳಿದಿದ್ದುದು ಒಂದೇ ಕ್ಷಿಪಣಿ.

“ನಿನ್ನ ನೌಕೆಯೊಳಗೆ ಜನ ಇದ್ದಾರೇನೋ?”

“ಇದ್ದಾರೆ, ಬೆಚ್ಚಗೆ. ಹೊರಮೈ ಮಾತ್ರ ಮಂಜುಗಡ್ಡೆ. ನಿಮ್ಮ ಬಿಸಿ ಹಿಡಿಯೋ ಯಂತ್ರಕ್ಕೆ ಕಾಣಲ್ಲ.”

“ಒಳಗಿನ ಬಿಸಿ ಎಲ್ಲಿಗೆ ಹೋಗುತ್ತೆ ಮತ್ತೆ?”

“ಹಿಂದುಗಡೆಯಿಂದ ಬಿಡ್ತೀನಿ. ಬೆನ್ನಿಗೇ ಗ್ರಹ ಇದೆಯಲ್ಲ, ಅದು ಕುಡಿದುಬಿಡುತ್ತೆ. ಹೇಗಿದೆ ತಲೆ?”

ಅತ್ತಿಗೆ ಕಿತ್ತಳೆಗೆ ಅಂಟಿಕೊಂಡು ತನ್ನ ಕಡೆಗಿದ್ದ ಚೌಕಕ್ಕೆ ಕ್ಷಿಪಣಿ ಬಿಟ್ಟು, ಲೋಟ ಎತ್ತಿದಳು. ಚೀಟಿಯಲ್ಲೂ ಅದೇ ಚೌಕವಿತ್ತು.

“ಇದು ಬಾಹ್ಯಾಕಾಶ ಅತ್ತಿಗೆ, ನಿಮ್ಮ ಫ್ರಿಜ್ ಅಲ್ಲ!” ಎಂದು ಮೈದುನ ಗೊಣಗಿದ.

“ಅಲ್ಲ ಬಿಡಪ್ಪ. ಫ್ರಿಜ್ ಆಗಿದ್ರೆ ಬಾಗಿಲಾದ್ರೂ ಮುಚ್ಚಿರ್ತಿತ್ತು. ನೀನು ಬಾಯೇ ಮುಚ್ಚಲಿಲ್ಲ.”