ಶಾರದಾ ಆಂಟಿಯ ಡಬ್ಬಿಯೂ ಬೆಲ್ಜಿಯಂ ದೇಶವೂ

ಡಬ್ಬಿ ಕೈಜಾರಿ ಬಿದ್ದು ನೆಗ್ಗಬಹುದಿತ್ತು. ನಾನು ಹೋಗುವಷ್ಟರಲ್ಲಿ ಶಾರದಾ ಆಂಟಿ ವಿಮಾನ ಹತ್ತಿಬಿಟ್ಟಿರಬಹುದಿತ್ತು. ಇನ್ನೂ ಹೊರಟಿರದಿದ್ದರೆ ನನ್ನನ್ನು ನೋಡಿ ಅಳಬಹುದಿತ್ತು. ಅವರಿಗಿಂತ ಮೊದಲು ನಾನೇ ಅತ್ತು ಮಾನ ಕಳೆದುಕೊಳ್ಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗೌರಕ್ಕನೂ ಅಲ್ಲೇ ಕೂತಿದ್ದು, ಆರಿಹೋಗಿದ್ದ ಹೋಳಿಗೆಯ ಯುದ್ಧ ಮತ್ತೆ ಹೊತ್ತಿಕೊಳ್ಳಬಹುದಿತ್ತು.

ಬೆಳಿಗ್ಗೆ ಕಪಾಟಿನ ಮೂಲೆಯಲ್ಲಿ, ಹಿಂದಿನ ಹಬ್ಬದಿಂದ ಉಳಿದಿದ್ದ ಆ ಸ್ಟೀಲ್ ಡಬ್ಬಿ ಸಿಕ್ಕಿದಾಗಿನಿಂದ ಇಷ್ಟನ್ನೂ ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ‘ಶಾರದಾ’ ಎಂದು ಕೆತ್ತಿದೆ. ಆಂಟಿ ಇವತ್ತು ನಮ್ಮ ಪಾಪಟೋಯಿಟೋಯಿ ಬಡಾವಣೆ ಬಿಟ್ಟು, ಸಮುದ್ರದಾಚೆಯ ದ್ವೀಪದಲ್ಲಿರುವ ರಿಕ್ಕರ್ಟನ್ನಿನ ಮಗಳ ಮನೆಗೆ ಹೊರಟವರು. ಡಬ್ಬಿ ಮರಳಿಸಬೇಕು, ಖಾಲಿ ಮರಳಿಸುವಂತಿಲ್ಲ. ನಿಮಗೆ ಗೊತ್ತಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವ ಜನ ನಾವು. ಐದು ವರ್ಷದ ಹಿಂದೆ ನನ್ನನ್ನು ಮಹಾಯುದ್ಧಕ್ಕೆ ನೂಕಿದ್ದು ಇದೇ ಪದ್ಧತಿ.

ನಮ್ಮ ಮನೆಯ ಎಡಕ್ಕೆ ಮೈಸೂರಿನ ಶಾರದಾ ಆಂಟಿ, ಬಲಕ್ಕೆ ಬಾಗಲಕೋಟೆಯ ಗೌರಕ್ಕ. ಇಬ್ಬರೂ ಗಂಡುಮಕ್ಕಳ ಮನೆಗೆ ಬಂದು ನೆಲೆಸಿದವರು. ಒಂದು ಯುಗಾದಿ ಊಟದಲ್ಲಿ ಗೌರಕ್ಕ ಆಂಟಿಯ ಒಬ್ಬಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದೇನ್ರೀ, ಎಣ್ಣ್ಯಾಗ ಮುಳುಗಿ ಸತ್ತೈತಿ” ಅಂದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾನು ಮಾತ್ರ ತಟಸ್ಥ. ಅದು ತತ್ವವಲ್ಲ, ಶುದ್ಧ ಸ್ವಾರ್ಥ. ಹೆಂಡತಿಗೆ ವಿಮಾನ ನಿಲ್ದಾಣದಲ್ಲಿ ಶಿಫ್ಟು, ನನಗೆ ಪಾಪಕುರಾದಲ್ಲಿ ಆಫೀಸು; ಆಗ ಹತ್ತು ವರ್ಷದವಳಾಗಿದ್ದ ಮಗಳನ್ನು ಮನೆಯಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಶಾಲೆ ಬಿಟ್ಟ ಮೇಲೆ ವಾರದ ಅರ್ಧ ಎಡಮನೆಯಲ್ಲಿ, ಉಳಿದರ್ಧ ಬಲಮನೆಯಲ್ಲಿ ಇರುತ್ತಿದ್ದಳು. ಯಾರೊಬ್ಬರು ಮುಖ ತಿರುಗಿಸಿದರೂ ನಮ್ಮ ಸಂಸಾರ ಅರ್ಧ ವಾರ ಕುಂಟುತ್ತಿತ್ತು.

ಮೊದಲ ಮಹಾಯುದ್ಧಕ್ಕೆ ನೂರು ತುಂಬುವ ವರ್ಷ ಅದು. ಶಾಲೆಯಲ್ಲಿ ಮಗಳಿಗೆ ಬೆಲ್ಜಿಯಂ ಬಗ್ಗೆ ಬರೆಯಲು ಹೇಳಿದ್ದರು. “ಯಾರ ತಂಟೆಗೂ ಹೋಗದ ದೇಶ ಯುದ್ಧಕ್ಕೆ ಹೇಗೆ ಬಿತ್ತು ಪುಟ್ಟಾ?” ಎಂದು ಕೇಳಿದೆ. ಪೆನ್ಸಿಲ್ ಕಚ್ಚುತ್ತಾ, “ಇಟ್ ವಾಸ್ ಇನ್ ದ ಮಿಡ್ಲ್, ಅಪ್ಪಾ. ದೇ ಜಸ್ಟ್ ವಾಂಟೆಡ್ ಟು ಗೋ ಥ್ರೂ” ಅಂದಳು. ನಡುವೆ ಸಿಕ್ಕಿತ್ತಂತೆ, ಹಾದುಹೋಗಲು ಬರೀ ದಾರಿ ಕೇಳಿದರಂತೆ! ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಕಿಟಕಿಯ ಪರದೆ ಎಳೆದೆ.

ಆ ವರ್ಷದ ಯುಗಾದಿ ಬೆಳಿಗ್ಗೆ ಎರಡೂ ಕಡೆಯಿಂದ ಡಬ್ಬಿ ಬಂತು. ಹೆಂಡತಿ ಶಿಫ್ಟಿನಲ್ಲಿದ್ದಳು. ಆಂಟಿಯ ಡಬ್ಬಿಯನ್ನು ಖಾಲಿ ಮಾಡಿ ತೊಳೆದೆ. ತುಂಬಲು ಮನೆಯಲ್ಲಿದ್ದದ್ದು ಗೌರಕ್ಕನ ಹೋಳಿಗೆ ಮಾತ್ರ. ನಾಲ್ಕು ಹಾಕಿ ಕೊಟ್ಟೆ. ಯಾರು ಮಾಡಿದ್ದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಟಸ್ಥ ದೇಶಗಳು ನಿಷಿದ್ಧ ಸರಕು ಸಾಗಿಸುವುದು ಹೀಗೇ ಇರಬೇಕು.

ಮಧ್ಯಾಹ್ನ ಕನ್ನಡಿಗರ ಹಬ್ಬದೂಟಕ್ಕೆ ಆಂಟಿ ಆ ಡಬ್ಬಿಯನ್ನೇ ತಂದರು. “ನೋಡಿ, ಹೋಳಿಗೆ ಅಂದ್ರೆ ಇದು. ಇವನ ಹೆಂಡತಿ, ನಮ್ಮ ಪಕ್ಕದ ಮನೆ ಹುಡುಗಿ ಮಾಡಿರೋದು. ಕೆಲವರು ಕಲೀಬೇಕು” ಎನ್ನುತ್ತಾ, ಮುಖ ನೋಡದೆಯೇ ಗೌರಕ್ಕನ ತಟ್ಟೆಗೂ ಒಂದು ತುಂಡು ಹಾಕಿದರು.

ಗೌರಕ್ಕ ಕಚ್ಚಿದರು. ಅಗಿದರು. “ಯವ್ವಾ, ಇದು ನಂದ ಹೋಳಗಿ!”

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

“ಏನಪ್ಪಾ ಇದು?”

“ಏನೋ ತಮ್ಮಾ?”

ಇಂಥ ಹೊತ್ತಲ್ಲೂ ನನ್ನ ಬಾಯಿಂದ ಬಂದದ್ದು, “ಸೋಮವಾರ ಮಗೂನ...”

“ನಾವಿಬ್ಬರೂ ನೋಡ್ಕೋತೀವಿ” ಅಂದರು ಆಂಟಿ.

“ನೀ ಗೇಟಿನ ಆಚೀಕ ನಿಂದ್ರು” ಅಂದರು ಗೌರಕ್ಕ.

ಹೀಗೆ ನನ್ನ ನೆಲದ ಮೇಲೆ, ನನ್ನನ್ನು ಒಂದು ಮಾತೂ ಕೇಳದೆ, ಶಾಂತಿ ಒಪ್ಪಂದವಾಯಿತು. ಎಷ್ಟೋ ವಾರ ಮಗಳನ್ನು ಗೇಟಿನಲ್ಲೇ ನಿಂತು ಕರೆದುಕೊಂಡು ಬಂದೆ. ಒಳಗಿನಿಂದ ಮೂವರ ನಗು ಕೇಳುತ್ತಿತ್ತು.

ಇವತ್ತು ಡಬ್ಬಿಗೆ ನಾನೇ ಒಗ್ಗರಣೆ ಹಾಕಿದ ಅವಲಕ್ಕಿ ತುಂಬಿ ಹೋದೆ. ಗೌರಕ್ಕ ಗೆಳತಿಯ ಸೂಟ್‌ಕೇಸಿಗೆ ಹಗ್ಗ ಕಟ್ಟುತ್ತಿದ್ದರು.

“ಹೋಗೋ ಹೊತ್ತಲ್ಲಾದ್ರೂ ಹೇಳು, ಯಾರ ಹೋಳಿಗೆಯಪ್ಪಾ ಚೆನ್ನಾಗಿರ್ತಿತ್ತು?” ಅಂದರು ಆಂಟಿ.

ಮೊದಲ ಸಲ ಪಕ್ಷ ಹಿಡಿದೆ. “ನಿಮ್ಮದೇ ಆಂಟಿ.”

“ಹೋಗಾಕಿ ಮುಂದ ಹಂಗ ಅನ್ನಬೇಕು. ಕಲ್ತಾನ” ಎಂದ ಗೌರಕ್ಕ, ಬಿಗಿದಿದ್ದ ಹಗ್ಗವನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದರು.

ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ಎಡವಟ್ಟಾದದ್ದು ಇಷ್ಟೇ: ಆಂಟಿ ಅವಲಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು, ಡಬ್ಬಿಯ ತುಂಬ ಒಬ್ಬಟ್ಟು ಹಾಕಿ ನನ್ನ ಕೈಗೇ ಇಟ್ಟರು. “ಖಾಲಿ ಕಳಿಸಬಾರದಪ್ಪಾ.”

ಈಗ ಅದನ್ನು ಮರಳಿಸಲು ಸಮುದ್ರ ದಾಟಬೇಕು. ಗೌರಕ್ಕನಿಗೆ ನಾಲ್ಕು ಹೋಳಿಗೆಗೆ ಹೇಳಿಟ್ಟಿದ್ದೇನೆ. ಈ ಸಲ ಯಾರು ಮಾಡಿದ್ದೆಂದು ಹೇಳಿಯೇ ಕೊಡುತ್ತೇನೆ.