ನೆಲದ ಸದ್ದು ಕೇಳುತ್ತಿದ್ದ ಮುನಿಶಾಮಣ್ಣ

ಮುನಿಶಾಮಣ್ಣ ಯಾರ ಮನೆಯೊಳಗೆ ಬಂದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕುಕ್ಕರುಗಾಲಲ್ಲಿ ಕೂತು, ಕರಣೆಯ ಹಿಡಿಯಿಂದ ನೆಲವನ್ನು ಬಡಿಯುತ್ತ, ತಲೆ ವಾಲಿಸಿ ಸದ್ದು ಕೇಳುತ್ತಿದ್ದ. ಕಾಫಿ, ಯೋಗಕ್ಷೇಮ ಎಲ್ಲ ಆಮೇಲೆ.

ಗೌನಿಪಲ್ಲಿಯ ಈ ಗಾರೆ ಕೆಲಸದವನನ್ನು ಶ್ರೀನಿವಾಸಪುರದ ನಮ್ಮ ಮನೆಗೆ ಕರೆಸಿದ್ದು ಅಮ್ಮನಿಗಾಗಿ. ನಡುಮನೆಯ ಹಳೆಯ, ನುಣುಪಾದ ಟೈಲ್ಸ್ ಮೇಲೆ ಜಾರಿ ಅವಳ ಸೊಂಟದ ಮೂಳೆ ಮುರಿದಿತ್ತು. ಕೋಲಾರದಲ್ಲಿ ಆಪರೇಷನ್ ಆಗಿ, ಇನ್ನು ಹತ್ತು ದಿನಕ್ಕೆ ವಾಕರ್ ಹಿಡಿದು ಮನೆಗೆ ಬರುವವಳಿದ್ದಳು. ಅಷ್ಟರೊಳಗೆ ನೆಲ ಬದಲಾಗಬೇಕಿತ್ತು. ಜಾರದ, ಒರಟು ಮೈಯ ಟೈಲ್ಸ್ ತಂದಿಟ್ಟಿದ್ದೆ.

"ಹಳೇದನ್ನ ಯಾಕೆ ಕೀಳ್ತೀಯ ಮುನಿಶಾಮಣ್ಣ? ಅದರ ಮೇಲೇ ಹಾಕ್ಬಿಡು, ಎರಡು ದಿನದ ಕೆಲಸ," ಎಂದೆ.

ಅವನು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಒಂದು ಟೈಲ್ಸ್ ಬಡಿದ, ಗಟ್ಟಿ ಸದ್ದು. ಪಕ್ಕದ್ದನ್ನು ಬಡಿದ, ಖಾಲಿ ಡಬ್ಬದ ಸದ್ದು.

"ಕೇಳಿಸ್ತಾ ಮೇಷ್ಟ್ರೇ? ಇದು ಡೊಲ್ಲ. ಕೆಳಗೆ ಬರೀ ಗಾಳಿ ಐತೆ. ಇದ್ರ ಮೇಲೆ ಬಂಗಾರ ಹಾಸಿದ್ರೂ ಅದೂ ಡೊಲ್ಲನೇ. ಅಮ್ಮ ವಾಕರ್ ಊರಿದ ದಿನ ಪಟ್ ಅಂತ ಎದ್ಬಿಡುತ್ತೆ."

"ಟೈಮ್ ಇಲ್ಲ ಕಣಪ್ಪ."

"ಬೀಳಕ್ಕೆ ಟೈಮ್ ಬೇಕಾ?"

ನನಗೆ ಸಿಟ್ಟು ಬಂತು. ಬೇರೆಯವರನ್ನು ಕರೆಸುತ್ತೇನೆ ಎಂದೆ. "ಕರೆಸ್ಕೊಳಿ. ಅವ್ರೂ ಒಂದ್ಸಲ ಬಡಿದು ನೋಡ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಗೇಟಿನವರೆಗೆ ಹೋದವನನ್ನು ನಾನೇ ವಾಪಸ್ ಕರೆದೆ.

ಮೊದಲ ಏಟು ಹಾಕುವ ಮುನ್ನ ಅವನು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. "ಇಷ್ಟು ವರ್ಷ ನಿಮ್ಮನ್ನೆಲ್ಲ ಹೊತ್ತೈತೆ" ಎಂದ. ಆಮೇಲೆ ಕನಿಕರವಿಲ್ಲದೆ ಒಡೆದ. ಕೆಳಗಿನ ಸಡಿಲ ಮರಳನ್ನೂ ಕೆರೆದು, ಗುಡಿಸಿ, ನೀರು ಹೊಡೆದು, ನೆಲ ಚೆನ್ನಾಗಿ ನೆನೆದ ಮೇಲೆಯೇ ಹೊಸ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸಿದ. ಏಳು ದಿನ ಅನ್ನದಲ್ಲೂ ದೂಳು. ಮೊಂಡು ಮನುಷ್ಯ ಎಂದು ಮನಸಾರೆ ಬೈದುಕೊಂಡೆ.

ಅಮ್ಮ ಬಂದ ದಿನ ಕರೆಯದೆಯೇ ಬಂದ. ಅವಳು ವಾಕರ್ ಊರುತ್ತ ನಡುಮನೆ ದಾಟುವಾಗ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಅಡುಗೆಮನೆಯ ಹತ್ತಿರ ಬಂದಾಗ ಅವನ ಮುಖ ಸಪ್ಪಗಾಯಿತು.

"ಅಯ್ಯೋ, ಅದೊಂದು ಡೊಲ್ಲ ಆಗೈತೆ. ನಂದೇ ತಪ್ಪು. ಅಮ್ಮಾ, ಅಲ್ಲಿ ಕಾಲಿಡ್ಬೇಡಿ. ನಾಳಿದ್ದು ಬಂದು ತೆಗೀತೀನಿ."

ನಮಗ್ಯಾರಿಗೂ ಏನೂ ಕೇಳಿಸಿರಲಿಲ್ಲ. ಆ ಜಾಗಕ್ಕೆ ಒಂದು ಸ್ಟೂಲು ಇಟ್ಟೆವು.

ಅವನು ಬರಲಿಲ್ಲ. ವಾರದ ಮೇಲೆ ಗೌನಿಪಲ್ಲಿಗೆ ಹೋದರೆ, ಜ್ವರದಲ್ಲಿ ಕೃಶನಾಗಿ ಮಲಗಿದ್ದ. ನನ್ನನ್ನು ಕಂಡವನೇ, "ಅದು ಹಂಗೇ ಐತಾ ಮೇಷ್ಟ್ರೇ?" ಎಂದ. ನೀನು ಎದ್ದು ಬಾ, ಆಮೇಲೆ ನೋಡೋಣ ಎಂದೆ. ಅವನು ಏಳಲಿಲ್ಲ. ತಿಂಗಳೊಳಗೆ ಹೋಗಿಬಿಟ್ಟ.

ಬೇರೆಯವರನ್ನು ಕರೆಯಲು ಮನಸ್ಸು ಬರಲಿಲ್ಲ. ಅವನು ಮಾಡಿದ್ದನ್ನೇ ನೆನಪಿಸಿಕೊಂಡು ಆ ಟೈಲ್ಸನ್ನು ನಾನೇ ಕಿತ್ತೆ. ಅಡಿಯಲ್ಲಿ ಅಂಗೈಯಗಲ ಖಾಲಿ ಇತ್ತು. ಕೆರೆದು, ನೀರು ಹೊಡೆದು, ಸಿಮೆಂಟ್ ತುಂಬಿ ಬೇರೊಂದನ್ನು ಕೂರಿಸಿದೆ. ಮೂರು ದಿನ ಬಿಟ್ಟು ಕುಕ್ಕರುಗಾಲಲ್ಲಿ ಕೂತು ಬಡಿದೆ.

"ಗಟ್ಟಿ ಐತೇನೋ?" ಎಂದು ಅಮ್ಮ ವಾಕರ್ ಹಿಡಿದು ಕೇಳಿದಳು.

ನನಗೇನೋ ಹಾಗೇ ಕೇಳಿಸಿತು. ಹೌದು ಎಂದು ಹೇಳಬೇಕಾದವನು ಇರಲಿಲ್ಲ.