ಉತ್ತರ ಹೇಳುವ ಅಕ್ಕ

ತಮ್ಮನನ್ನು ಮನೋವೈದ್ಯರ ಬಳಿ ಕರೆತರುವ ಅಕ್ಕಂದಿರಲ್ಲಿ ನನ್ನ ಗೆಳತಿಯಂಥವಳು ಇನ್ನೊಬ್ಬಳಿರಲಾರಳು. ಡಾಕ್ಟರು ಅವನನ್ನು "ನಿದ್ದೆ ಬರುತ್ತಾ?" ಎಂದು ಕೇಳಿದರೆ, "ಎಲ್ಲಿ ಬರುತ್ತೆ ಸಾರ್!" ಎನ್ನುವವಳು ಇವಳು. ಅವನು ಆಕಳಿಸಿದರೂ ಕಾರಣ ಇವಳೇ ಹೇಳಬೇಕು. ಮಾತ್ರೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ, "ಭೇಷ್ ಮರಿ" ಎನ್ನುತ್ತಿದ್ದಳು. ಮರಿಗೆ ಆಗ ನಲವತ್ತೆರಡು ವರ್ಷ. ಒಂದು ದಿನ ಡಾಕ್ಟರು, "ಅಮ್ಮಾ, ಇವತ್ತು ಅವರೇ ಮಾತಾಡಲಿ" ಎಂದಾಗ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂತಳು. "ಊಟ ಸರಿಯಾಗಿ ಮಾಡ್ತೀರಾ?" "ನಾನು ಮಾಡ್ತೀನಿ ಸಾರ್," ಎಂದ ತಮ್ಮ. "ಅಕ್ಕ ನನ್ನ ತಟ್ಟೇನೇ ನೋಡ್ತಾ ಕೂತಿರ್ತಾಳೆ, ಅವಳದು ಆರಿಹೋಗುತ್ತೆ." ಡಾಕ್ಟರು ನಕ್ಕು, "ಹಾಗಾದ್ರೆ ಅಕ್ಕನ ಊಟ ನಿಮ್ಮ ಜವಾಬ್ದಾರಿ" ಎಂದರು. ಕಳೆದ ತಿಂಗಳು ಅವಳು ತೀರಿಕೊಂಡಳು. ಕೊನೆಯ ತುತ್ತಿನವರೆಗೂ ಗದರಿ ಗದರಿ ತಿನ್ನಿಸಿದವನು ಅವನೇ.